ಉಪ್ಪು ಒಂದು ಹರಳು ಕಡಿಮೆ

ಸಂಜೆ ಕಟ್ಟೆಗೆ ಒಂದು ಕೊಡ ನೀರು ಹೊಡೆದರೆ ಹಬೆ ಏಳುತ್ತಿತ್ತು. ಕಟ್ಟೆಗೆ ಹಾಸಿದ ಫರ್ಸಿ ಕಲ್ಲು ಹಗಲೆಲ್ಲ ಬಿಸಿಲು ಕುಡಿದು ಕುಳಿತಿರುತ್ತಿತ್ತು. ನೀರು ಹಾಕದೆ ಕೂತರೆ ಸೀರೆಯ ಮೇಲಿಂದಲೇ ಚುರುಕ್ಕೆನ್ನುತ್ತಿತ್ತು. ನೀರು ಹಾಕಿ, ಹಬೆ ಆರಲು ಬಿಟ್ಟು, ಆಮೇಲೆ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದೆವು. ವಾಡಿ ಜಂಕ್ಷನ್ನಿನ ಆ ಸಂಜೆಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಹಬೆ. ಅದರ ಹಿಂದೆ ಮುಖಗಳು ಒಂದೊಂದಾಗಿ ಮೂಡುತ್ತವೆ. ಕೆಲವು ಮೂಡುವುದೂ ಇಲ್ಲ.

ಯಾವ ವರ್ಷ ಎಂದು ಕೇಳಿದರೆ ನನ್ನಿಂದ ಹೇಳಲಾಗದು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು, ನನಗೆ ಇನ್ನೂ ಸೊಂಟ ಇತ್ತು, ಅಷ್ಟು ನೆನಪಿದೆ. ಸ್ಟೇಷನ್ನಿನ ಹಿಂದೆ ಆರು ಮನೆಗಳ ಒಂದು ಸಾಲು. ಗೋಡೆ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲು, ಮುಂದೆ ಆರೂ ಮನೆಗೆ ಸೇರಿ ಉದ್ದಕ್ಕೆ ಒಂದೇ ಕಟ್ಟೆ. ಗಂಡಸರು ಹೆಚ್ಚಿನವರು ರೈಲ್ವೆಯವರು. ನಮ್ಮವರು ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕಿ ಬತ್ತಿ ಹಚ್ಚುವ ಕೆಲಸದಲ್ಲಿದ್ದರು. ಲೋಕಕ್ಕೆಲ್ಲ ದೀಪ ಹಚ್ಚಿ ಅವರು ಮನೆಗೆ ಬರುವಷ್ಟರಲ್ಲಿ ನಮ್ಮ ಮನೆಯಲ್ಲಿ ಕತ್ತಲಾಗಿರುತ್ತಿತ್ತು. ರೊಟ್ಟಿ ತಟ್ಟಿ ಮುಗಿದ ಮೇಲೆ, ಅವರು ಬರುವ ತನಕ, ಆ ಒಂದು ತಾಸು ಹೆಂಗಸರದು.

ಆ ಸಾಲಿನಲ್ಲಿ ಸೊಸೆಯರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ತವರೂರೇ ಹೆಸರು. ನಾನು ಚಿಂಚೋಳಿಯಾಕಿ. ಎಡಗಡೆ ಮನೆಯವಳು ಸೇಡಮದಾಕಿ. ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದಳು, ನಗು ಮಾತ್ರ ಎಲ್ಲ ಭಾಷೆಯಲ್ಲೂ ಇರುತ್ತಿತ್ತು. ಬಲಗಡೆ ಮನೆಯ ಮುಸಲ್ಮಾನ ಹೆಂಗಸು ನಮಗಿಂತ ಹಿರಿಯಳು, ಶಹಾಬಾದದ ಕಲ್ಲು ಕಡಿಯುವವರ ಮನೆತನದವಳು. ಆಕೆ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಉಳಿದ ಮನೆಯವರೂ ಬರುತ್ತಿದ್ದರು, ಹೋಗುತ್ತಿದ್ದರು, ವರ್ಗವಾಗಿ ಹೊಸಬರೂ ಬರುತ್ತಿದ್ದರು.

ಕೂತ ಕೂಡಲೇ ಯಾರಾದರೊಬ್ಬರು ಕೇಳಲೇಬೇಕು: "ಏನ್ ಮಾಡೀರಿ ಇವತ್ತ?" ಕ್ಷೇಮ ಸಮಾಚಾರಕ್ಕೂ ಅದೇ ಪ್ರಶ್ನೆ, ಜಗಳ ಮುಗಿಸಿ ರಾಜಿಯಾಗುವುದಕ್ಕೂ ಅದೇ ಪ್ರಶ್ನೆ. ಉತ್ತರ ಒಂದು ಮಾತಿನದಾಗಿರುತ್ತಿರಲಿಲ್ಲ. ಬದನೆಕಾಯಿ ಮಾಡಿದೆ ಎಂದು ಹೇಳಿ ಸುಮ್ಮನಾಗುವವಳನ್ನು ನಾವು ಬಿಡುತ್ತಿರಲಿಲ್ಲ. ಕಾಯಿ ಎಲ್ಲಿಯದು, ಸೀಳಿದ್ದು ಹೇಗೆ, ಶೇಂಗಾ ಎಷ್ಟು ಹುರಿದೆ, ಎಣ್ಣೆ ಬಿಟ್ಟಿತೋ ಇಲ್ಲವೋ, ಎಲ್ಲ ಹೇಳಬೇಕು. ನಮ್ಮದು ಲಿಂಗ ಕಟ್ಟಿದವರ ಒಲೆ. ಖಾಲಾನ ಬಟ್ಟಲು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ, ಸೇಡಮದಾಕಿಯದೂ ದಾಟುತ್ತಿರಲಿಲ್ಲ. ಸರಿಯೋ ತಪ್ಪೋ ಎಂದು ಆಗ ನಾವು ಕೇಳಿಕೊಂಡವರಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಬಟ್ಟಲು ದಾಟದ ಕಡೆ ಮಾತು ದಾಟುತ್ತಿತ್ತು, ಅಷ್ಟೇ ನಮ್ಮ ಪುಣ್ಯ.

ನನ್ನ ಅತ್ತೆ ಕಟ್ಟೆಗೆ ಬರುತ್ತಿದ್ದರು, ಆದರೆ ಮಾತಾಡುತ್ತಿರಲಿಲ್ಲ. ಕಂಬಕ್ಕೆ ಒರಗಿ, ಹತ್ತಿಯ ಬತ್ತಿ ಹೊಸೆಯುತ್ತ ಕೂರುವುದು. ಅವರು ಹೊತ್ತು ಮುಳುಗುವ ಮೊದಲೇ ಲಿಂಗಪೂಜೆ ಮುಗಿಸಿ ಒಬ್ಬರೇ ಉಂಡಿರುತ್ತಿದ್ದರು. ದೀಪ ಹಚ್ಚಿದ ಮೇಲೆ ಅವರು ಉಂಡವರಲ್ಲ. ತಾಟಿಗೆ ಬಂದದ್ದು ಪ್ರಸಾದ, ಅದಕ್ಕೆ ಉಪ್ಪು ಹೆಚ್ಚು ಹುಳಿ ಕಡಿಮೆ ಎನ್ನಬಾರದು, ಇದು ಅವರ ನೇಮ. ಉಂಡ ಮೇಲೆ ತಾಟಿಗೆ ನೀರು ಹಾಕಿ, ತೊಳೆದು ಆ ನೀರನ್ನೂ ಕುಡಿದುಬಿಡುತ್ತಿದ್ದರು. ನಾನು ಹೊಸದಾಗಿ ಬಂದಾಗ ಖಾಲಾ ಒಮ್ಮೆ ನಗುತ್ತ ಅವರನ್ನೂ ಕೇಳಿದಳು, ಸೊಸೆಯ ಕೈರುಚಿ ಹೇಗಿದೆ ಎಂದು.

"ಪ್ರಸಾದಕ್ಕ ರುಚಿ ಇರಂಗಿಲ್ಲವ್ವಾ. ಉಂಡ ಮ್ಯಾಲ ಮುಗೀತು," ಎಂದರು ಅತ್ತೆ. ಮತ್ತೆ ಯಾರೂ ಅವರನ್ನು ಕೇಳಲಿಲ್ಲ.

ಮದುವೆಯಾದ ಎರಡನೆಯ ವರ್ಷ ಮಳೆಗಾಲದಲ್ಲಿ ನನಗೆ ಜ್ವರ ಹಿಡಿಯಿತು. ಇಪ್ಪತ್ತೊಂದು ದಿನ ಬಿಡಲಿಲ್ಲ. ಆ ದಿನಗಳಲ್ಲಿ ಗಾಡಿಗಳು ನನ್ನ ತಲೆದಿಂಬಿನ ಕೆಳಗೇ ಓಡಾಡುತ್ತಿದ್ದವು. ಮದ್ರಾಸಿಗೆ ಹೋಗುವ ಗಾಡಿಯ ಕಿಟಕಿಯಲ್ಲಿ ನನ್ನ ತಾಯಿ ಕೂತಿರುತ್ತಿದ್ದಳು, ಇಳಿಯುತ್ತಿರಲಿಲ್ಲ. ಔಷಧಿ ಮೊದಲ ವಾರ ಬೇವಿನಷ್ಟು ಕಹಿ ಇತ್ತು. ಮೂರನೆಯ ವಾರ ಅದು ನೀರಾಯಿತು. ಕಹಿ ಹೋಯಿತಲ್ಲ ಎಂದು ನಾನು ಹುಚ್ಚಿಯಂತೆ ಸಂತೋಷಪಟ್ಟೆ. ಜ್ವರ ಬಿಟ್ಟ ದಿನ ಅತ್ತೆ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಕುಡಿಸಿದರು. ಅದೂ ನೀರೇ. ರೋಗದ ಬಾಯಿ, ನಾಲ್ಕು ದಿನದಲ್ಲಿ ಸರಿಯಾಗುತ್ತದೆ ಎಂದುಕೊಂಡೆ.

ನಾಲ್ಕು ದಿನ ಹೋಗಿ ತಿಂಗಳಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಒಂದು ಹರಳು ಉಪ್ಪು ನಾಲಿಗೆಯ ಮೇಲೆ ಇಟ್ಟುಕೊಂಡೆ. ಮರಳು. ಬೆಲ್ಲ ಇಟ್ಟುಕೊಂಡೆ. ಮಣ್ಣು. ಹಸಿಮೆಣಸಿನಕಾಯಿ ಕಚ್ಚಿದರೆ ಉರಿಯುತ್ತಿತ್ತು, ಆದರೆ ಅದು ರುಚಿಯಲ್ಲ, ಗಾಯ. ಬೆಳ್ಳುಳ್ಳಿಯ ಒಗ್ಗರಣೆಗೆ ಮುಖ ಒಡ್ಡಿದರೆ ಬಿಸಿ ತಾಗುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ಒಲೆಯ ಮುಂದೆ ಕೂತು ಗಳಗಳ ಅತ್ತುಬಿಟ್ಟೆ. ಕಣ್ಣೀರು ತುಟಿಗೆ ಬಂತು, ಅದಕ್ಕೂ ಉಪ್ಪಿರಲಿಲ್ಲ.

ಅದೇ ತಿಂಗಳು ಅತ್ತೆ ಅಡುಗೆಯನ್ನು ನನ್ನ ಕೈಗೆ ಒಪ್ಪಿಸಿದರು. ಮೊಣಕಾಲು ಹಿಡಿದಿದ್ದವು, ಒಲೆಯ ಮುಂದೆ ಕೂತರೆ ಏಳಲಾಗುತ್ತಿರಲಿಲ್ಲ. ಒಪ್ಪಿಸುವುದೆಂದರೆ ದೊಡ್ಡ ಮಾತೇನೂ ಆಡಲಿಲ್ಲ. ಒಲೆಯ ತಮ್ಮ ಬದಿಗಿದ್ದ ಉಪ್ಪಿನ ಗಡಿಗೆಯನ್ನು ಎತ್ತಿ ನನ್ನ ಬದಿಗೆ ಇಟ್ಟರು. ನಮ್ಮ ಕಡೆ ಅಷ್ಟಾದರೆ ಮನೆ ಸೊಸೆಯದಾದಂತೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನನಗೆ ಆ ಹೊತ್ತಿಗೆ ಎರಡೂ ದೂರವಾಗಿದ್ದವು.

ಹೇಳಿಬಿಡಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನನ್ನ ಅಕ್ಕನನ್ನು ನೋಡಿದ್ದರೆ ಕೇಳುತ್ತಿರಲಿಲ್ಲ. ಅವಳನ್ನು ಚಿತ್ತಾಪುರದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಒಂದು ಸಲ ಒಲೆಯ ಮುಂದೆ ತಲೆತಿರುಗಿ ಬಿದ್ದಳು, ಇನ್ನೊಂದು ಸಲ ಬಾವಿಯ ಹತ್ತಿರ. ವಾಸಿ ಮಾಡಿಕೊಂಡು ಬರಲಿ ಎಂದು ತವರಿಗೆ ಕಳಿಸಿದರು. ಅವಳು ವಾಸಿಯಾದಳು. ಕರೆಯಲು ಯಾರೂ ಬರಲಿಲ್ಲ. ಚಿಂಚೋಳಿಯ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತ ಅವಳು, ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ಮೊರವನ್ನು ಕೆಳಗಿಡುತ್ತಿದ್ದಳು. ಆ ಮೊರ ಕೆಳಗಿಡುವ ಸಪ್ಪಳ ನನಗೆ ವಾಡಿಯಲ್ಲೂ ಕೇಳುತ್ತಿತ್ತು. ಒಂದು ಮನೆಯಲ್ಲಿ ಎರಡು ಮೊರ ಬೇಡ ಎಂದು ನಿಶ್ಚಯ ಮಾಡಿದೆ.

ನಮ್ಮ ಮನೆಯ ನೇಮವೇ ನನ್ನನ್ನು ಮುಚ್ಚಿಟ್ಟಿತು. ಲಿಂಗಕ್ಕೆ ತೋರಿಸದ ಅಡುಗೆಯನ್ನು ಬಾಯಿಗೆ ಹಾಕುವಂತಿಲ್ಲ, ಹಾಗಾಗಿ ಅಡುಗೆ ಮಾಡುವಾಗ ರುಚಿ ನೋಡುವ ಮಾತೇ ಇಲ್ಲ. ಉಂಡವರೂ ಬಾಯಿ ಬಿಡುವುದಿಲ್ಲ. ಮೂರು ಬೆರಳಿನ ಎರಡು ಚಿಟಿಕೆ ಉಪ್ಪು, ಅಡಿಕೆಯಷ್ಟು ಹುಣಸೆ, ಏಳು ಎಸಳು ಬೆಳ್ಳುಳ್ಳಿ, ಹೀಗೆ ಲೆಕ್ಕದ ಮೇಲೆ ಅಡುಗೆ ಮಾಡಿದೆ. ಸಾಸಿವೆಯ ಸಪ್ಪಳ ಕೇಳಿ ಒಗ್ಗರಣೆ ಇಳಿಸಿದೆ. ಅತ್ತೆ ಉಂಡರು, ತಾಟು ತೊಳೆದು ಕುಡಿದರು, ಎದ್ದರು. ನಮ್ಮವರು ಹಾಗೇ. ಚೆನ್ನಾಗಿತ್ತೋ ಕೆಟ್ಟಿತ್ತೋ ಶಿವನಿಗೇ ಗೊತ್ತು. ಕುರುಡಿಯೊಬ್ಬಳು ದಿನಾ ರಂಗೋಲಿ ಹಾಕಿ, ಯಾರೂ ಏನೂ ಅನ್ನದಿದ್ದರೆ ಹೇಗಿರುತ್ತದೋ ಹಾಗಿತ್ತು ನನ್ನ ಸ್ಥಿತಿ.

ಆದರೆ ಸಂಜೆ ಇತ್ತು.

ಖಾಲಾ ಹೇಳಲು ಕೂತರೆ ನಾನು ಕಣ್ಣು ಮುಚ್ಚುತ್ತಿದ್ದೆ. ಆಕೆಗೆ ಅವಸರ ಎಂಬುದೇ ಇರಲಿಲ್ಲ. ಬೇಳೆ ಕುದ್ದ ಮೇಲೆ ಹುಣಸೆಯ ರಸವನ್ನು ಒಮ್ಮೆಗೇ ಬಿಡಬಾರದು, ಅಂಚಿನಿಂದ ಬಿಡಬೇಕು, ಆಗ ಬೇಳೆಯ ಸಿಹಿ ಮುನಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದಳು. ಕರಿಬೇವು ಎಣ್ಣೆಗೆ ಬಿದ್ದಾಗ ಒಂದು ವಾಸನೆ, ಆ ಎಣ್ಣೆ ಬೇಳೆಗೆ ಬಿದ್ದಾಗ ಇನ್ನೊಂದು ವಾಸನೆ, ಎರಡರ ನಡುವೆ ಒಂದು ಉಸಿರಿನಷ್ಟು ಹೊತ್ತು ಇರುತ್ತದಲ್ಲ, ಅಲ್ಲಿಯೇ ಅಡುಗೆ ಇರುವುದು ಎನ್ನುತ್ತಿದ್ದಳು. ಕೇಳುತ್ತ ಕೇಳುತ್ತ ನನ್ನ ಬಾಯಿಯ ಒಳಗೆ ನೀರು ಬರುತ್ತಿತ್ತು. ಮೊದಲು ದವಡೆಯ ಹತ್ತಿರ ಹುಳಿ ಚಿಮ್ಮುತ್ತಿತ್ತು, ಆಮೇಲೆ ನಾಲಿಗೆಯ ತುದಿಗೆ ತೊಗರಿಯ ಸಿಹಿ ಬರುತ್ತಿತ್ತು. ಮನೆಯ ಒಳಗೆ ಮಣ್ಣು ತಿನ್ನುತ್ತಿದ್ದವಳು ಕಟ್ಟೆಯ ಮೇಲೆ ಕಿವಿಯಿಂದ ಉಣ್ಣುತ್ತಿದ್ದೆ. ಗಾಡಿ ಬಂದರೆ ಮಾತು ನಿಲ್ಲುತ್ತಿತ್ತು. ಇಂಜಿನ್ ನೀರು ಕುಡಿದು ಹೋಗುವ ತನಕ ಅರ್ಧ ತುತ್ತು ಬಾಯಲ್ಲೇ ಇರುತ್ತಿತ್ತು.

ಖಾಲಾನ ಮನೆಯಲ್ಲಿ ಮಾಂಸದ ದಿನ ಆಕೆ ಸುಮ್ಮನೆ ಕೈ ಆಡಿಸಿ, ಇವತ್ತು ನಮ್ಮದು ನಿಮಗೆ ಹೇಳುವಂಥದ್ದಲ್ಲ ಎಂದುಬಿಡುತ್ತಿದ್ದಳು. ಒಮ್ಮೆ ಅತ್ತೆ ಒಳಗೆ ಎದ್ದು ಹೋದಾಗ ನಾನು ಆಕೆಯ ಹತ್ತಿರ ಸರಿದು, ಅದನ್ನೂ ಹೇಳು ಎಂದೆ. ಆಕೆ ನನ್ನ ಮುಖ ನೋಡಿದಳು.

"ಪಾಪ ಬರ್ತದ, ಬೇಟಿ," ಎಂದಳು.

"ಕಿವಿಗಿ ಏನ್ ಪಾಪ, ಖಾಲಾ," ಎಂದೆ.

ಹೇಳಿದಳು. ಪೂರ್ತಿ ಹೇಳಿದಳು, ದನಿ ಇಳಿಸಿ, ಗೋಡಂಬಿ ತನಕ. ಹಾಗೆ ನಾನು ಜೀವಮಾನದಲ್ಲಿ ಒಂದು ಸಲ ಮಾಂಸ ಉಂಡಿದ್ದೇನೆ. ಭಾಳ ರುಚಿ ಇತ್ತು.

ಇಂಥದ್ದೆಲ್ಲ ಎಷ್ಟು ದಿನ ನಡೆದೀತು? ಕಡಲೆ ಬಿಡಿಸುವ ಹೊತ್ತಿನಲ್ಲಿ ಅತ್ತೆಯ ಅಣ್ಣ ನಾಲವಾರದಿಂದ ಮಧ್ಯಾಹ್ನದ ಪ್ಯಾಸೆಂಜರಿಗೆ ಬಂದಿಳಿದರು. ಮಠಕ್ಕೆ ನಡೆದುಕೊಳ್ಳುವವರು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಅತ್ತೆ ಹುಡುಗಿಯಾಗಿಬಿಟ್ಟರು. ಮೊಣಕಾಲು ಮರೆತು ಒಳಗೆ ಹೊರಗೆ ಓಡಾಡಿದರು. ನಾನು ಪುಂಡಿಪಲ್ಯ ಮಾಡಿದ್ದೆ; ಹುಳಿ ಸೊಪ್ಪಿಗೆ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕಡೆದು, ಲೆಕ್ಕದ ಉಪ್ಪು ಹಾಕಿ ಇಳಿಸಿ, ರೊಟ್ಟಿಗೆ ಕೂತಿದ್ದೆ. ಅತ್ತೆ ಬಂದವರು, ನಲವತ್ತು ವರ್ಷದ ಕೈ ನೋಡಿ, ಗಡಿಗೆ ನನ್ನ ಬದಿಗೆ ಇದ್ದದ್ದನ್ನೂ ಮರೆತು, ಬಗ್ಗಿ ಒಂದು ಹಿಡಿ ಉಪ್ಪು ತೆಗೆದು ಪಲ್ಯಕ್ಕೆ ಹಾಕಿ, ಸೌಟು ತಿರುವಿ ಹೋದರು. ನಾನು ರೊಟ್ಟಿ ಬಡಿಯುವ ಭರದಲ್ಲಿ ಆ ಕಡೆ ತಿರುಗಿ ನೋಡಲಿಲ್ಲ.

ಗಂಡಸರು ಉಂಡರು. ಅಣ್ಣ ಎರಡು ರೊಟ್ಟಿ ಪಲ್ಯ ಮುಗಿಸಿ, ಮೂರು ಚೊಂಬು ನೀರು ಕುಡಿದು, ತಾಟು ತೊಳೆದು ಅದನ್ನೂ ಕುಡಿದರು. ನಮ್ಮವರು ಅವರ ಮುಖ ನೋಡಿ ತಾವೂ ಹಾಗೇ ಮಾಡಿದರು. ಯಾರ ಬಾಯಿಂದಲೂ ಒಂದು ಮಾತಿಲ್ಲ. ಅಣ್ಣನಿಗೆ ಉಣ್ಣಿಸದೆ ತಾವು ಹೇಗೆ ಉಣ್ಣುವುದೆಂದು ಅತ್ತೆ ಆವತ್ತು ಕಾದಿದ್ದರು. ಹಾಗಾಗಿ ಅಡುಗೆ ನನ್ನ ಕೈಗೆ ಬಂದ ಮೇಲೆ ಮೊದಲ ಸಲ ಅತ್ತೆ ಸೊಸೆ ಎದುರು ಬದುರು ಕೂತು ಉಂಡೆವು.

ಅತ್ತೆ ಮೊದಲ ತುತ್ತು ಬಾಯಿಗಿಟ್ಟು ತಡೆದರು. ನುಂಗಿದರು. ನನ್ನನ್ನು ನೋಡಿದರು. ನಾನು ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಇನ್ನಷ್ಟು ಪಲ್ಯ ಹಾಕಿಕೊಳ್ಳುತ್ತಿದ್ದೆ. ಅವರು ನೋಡುತ್ತಿರುವುದು ಕಂಡು, ನಾಲವಾರದ ಮಾವ ಸಂಜೆಯ ಗಾಡಿಗೇ ಹೋಗುತ್ತಾರೇನು ಎಂದು ಕೇಳಿದೆ. ಬಾಯಿ ತುಂಬ ಉಪ್ಪು ಇಟ್ಟುಕೊಂಡು ಊರ ಮಾತು ಕೇಳುತ್ತಿದ್ದೆ. ಅತ್ತೆ ತಾಟಿನಲ್ಲಿದ್ದದ್ದನ್ನು ನಿಧಾನವಾಗಿ ಪೂರ್ತಿ ಉಂಡು, ತೊಳೆದು ಕುಡಿದು, ಎದ್ದು ಹೋದರು. ಆಮೇಲೆ ಪಾತ್ರೆ ತೊಳೆಯುವಾಗ ಗಡಿಗೆಯ ಮುಚ್ಚಳ ಸರಿದಿದ್ದು, ಒಲೆಯ ಸುತ್ತ ಉಪ್ಪಿನ ಹರಳು ಚೆಲ್ಲಿದ್ದು ಕಂಡಿತು. ಆಗ ಎಲ್ಲ ತಿಳಿಯಿತು. ಸಿಕ್ಕಿಬಿದ್ದೆ, ಇನ್ನೇನು ಚಿಂಚೋಳಿಯ ಬಸ್ಸು ಎಂದುಕೊಂಡೆ.

ಆವತ್ತು ಏನೂ ಆಗಲಿಲ್ಲ. ಮರುದಿನ ಸಂಜೆ ಕಟ್ಟೆಯ ಮೇಲೆ ಆಯಿತು. ಸೇಡಮದಾಕಿ ನನ್ನ ಕಡೆ ತಿರುಗಿ ಎಂದಿನಂತೆ ಕೇಳಿದಳು, ಏನು ಮಾಡಿದೆ ಎಂದು. ನಾನು ಬಾಯಿ ತೆರೆಯುವ ಮೊದಲು ಕಂಬದ ಹತ್ತಿರದಿಂದ ದನಿ ಬಂತು.

"ಬ್ಯಾಳಿ ಮಾಡ್ಯಾಳ," ಎಂದರು ಅತ್ತೆ. "ಉಪ್ಪ ಒಂದ್ ಹರಳ ಕಡಿಮಿ. ಬೆಳ್ಳೊಳ್ಳಿ ಜರಾ ಕರಿ ಆಗ್ಯಾವ, ಅದಕ್ಕ ನುಂಗಿದ ಮ್ಯಾಲ ಸಣ್ಣ ಕಹಿ ಉಳೀತದ. ಹುಳಿ ಸರಿ ಅದ."

ಕಟ್ಟೆಯೇ ಬೆಚ್ಚಿತು. ಖಾಲಾನ ಕೈಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು. ಹದಿನೈದು ವರ್ಷದಿಂದ ಆ ಸಾಲಿನಲ್ಲಿದ್ದ ಮುದುಕಿ ಮೊದಲ ಸಲ ತನ್ನ ತಾಟಿನ ಸುದ್ದಿ ಹೇಳಿದ್ದರು, ಅದೂ ಸೊಸೆಯನ್ನು ಹಿಡಿದು. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಕಣ್ಣು ಒರೆಸಿಕೊಂಡು, ಹೇಗೂ ಒಳಗೆ ಬಂದಿದ್ದೇನಲ್ಲ ಎಂದು ಬೇಳೆಗೆ ಒಂದು ಹರಳು ಉಪ್ಪು ಹಾಕಿದೆ, ಕರಿ ಬೆಳ್ಳುಳ್ಳಿಯನ್ನು ಆರಿಸಿ ತೆಗೆದೆ. ನಮ್ಮವರು ಬಂದು ಉಂಡರು. ಇನ್ನೊಂದು ಸೌಟು ಬೇಳೆ ಹಾಕಿಸಿಕೊಂಡರು.

ಮರುದಿನವೂ ಹಾಗೇ. ಅದರ ಮರುದಿನವೂ. ಬದನೆಕಾಯಿಗೆ ಬೆಲ್ಲ ಹೆಚ್ಚಾಗಿದೆ ಎಂದರು. ಮಜ್ಜಿಗೆಯ ಹುಳಿ ತಲೆಗೆ ಹತ್ತಿದೆ ಎಂದರು. ಸೇಡಮದಾಕಿ ಬಾವಿಯ ಹತ್ತಿರ ನನ್ನ ಬೆನ್ನು ಸವರಿ, ವಯಸ್ಸಾದ ಮೇಲೆ ಎಲ್ಲ ಅತ್ತೆಯರೂ ಇಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ನಾನೂ ಮೂರು ದಿನ ಅದನ್ನು ಕಾಟವೆಂದೇ ತಿಳಿದೆ, ಮೂರು ದಿನವೂ ಅಳುತ್ತಿದ್ದೆ. ನನ್ನನ್ನು ಕಳಿಸುವುದಕ್ಕೆ ಮೊದಲು ಸಾಲಿಗೆಲ್ಲ ಸಾರುತ್ತಿದ್ದಾರೆ, ನಾಳೆ ಯಾರೂ ತಮ್ಮನ್ನು ಆಡಿಕೊಳ್ಳಬಾರದು ಎಂದು ಲೆಕ್ಕ ಹಾಕಿದ್ದಾರೆ ಎಂದುಕೊಂಡೆ. ಹೊಟ್ಟೆಯಲ್ಲಿ ಅವರ ಮೇಲೆ ಸಿಟ್ಟೂ ಇತ್ತು. ನೇಮ ಮುರಿಯುವುದಾದರೆ ನನ್ನ ಮೇಲೆಯೇ ಮುರಿಯಬೇಕೇ?

ನಾಲ್ಕನೆಯ ದಿನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದ್ದೆ. ಅತ್ತೆ ಹೇಳುತ್ತಿದ್ದರು, ಮೊದಲು ನಾಲಿಗೆಗೆ ಹುರಿದ ಶೇಂಗಾ ಸಿಗುತ್ತದೆ, ಜಗಿದಂತೆ ಎಣ್ಣೆ ಬಿಡುತ್ತದೆ, ಆಮೇಲೆ ಖಾರ ಹಿಂದಿನಿಂದ ನಿಧಾನಕ್ಕೆ ಬರುತ್ತದೆ, ಒಮ್ಮೆಗೇ ಬರುವುದಿಲ್ಲ ಎಂದು. ತಪ್ಪು ಹುಡುಕುವವರು ಹೀಗೆ ಹೇಳುತ್ತಾರೆಯೇ? ನಾನು ತಲೆ ಎತ್ತಿದೆ. ಅವರು ಸೇಡಮದಾಕಿಯನ್ನು ನೋಡುತ್ತಿರಲಿಲ್ಲ, ಖಾಲಾನನ್ನು ನೋಡುತ್ತಿರಲಿಲ್ಲ. ಬತ್ತಿ ಹೊಸೆಯುವ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಮಾಡಿದ್ದನ್ನು ನನಗೆ ಉಣಿಸುತ್ತಿದ್ದರು.

ಅಲ್ಲಿಂದ ಮುಂದಿನ ತಿಂಗಳುಗಳು ನನ್ನ ನೆನಪಿನಲ್ಲಿ ಒಂದೇ ಸಂಜೆಯಾಗಿವೆ. ಚಳಿಗಾಲ ಹೋಗಿ ಬೇಸಿಗೆ ಬಂದಿರಬೇಕು, ಯಾಕೆಂದರೆ ಒಂದು ಕಡೆ ನಾವು ಶಾಲು ಹೊದ್ದಿದ್ದೇವೆ, ಇನ್ನೊಂದು ಕಡೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದೇವೆ. ಹಬೆ ಏಳುತ್ತದೆ. ಗಾಡಿ ಬರುತ್ತದೆ, ಹೋಗುತ್ತದೆ. ದೂರದಲ್ಲಿ ನಮ್ಮವರು ಹಚ್ಚಿದ ಕೆಂಪು ದೀಪ ಕಾಣುತ್ತದೆ. ಅತ್ತೆಯ ದನಿ ಹೇಳುತ್ತದೆ, ಇವತ್ತು ರೊಟ್ಟಿಯ ಅಂಚು ಹಪ್ಪಳದಂತೆ ಮುರಿಯುತ್ತದೆ, ನಡು ಮೆತ್ತಗಿದೆ. ನಾನು ಎದ್ದು ಒಳಗೆ ಹೋಗಿ ಅವರು ಹೇಳಿದಷ್ಟನ್ನು ಸರಿ ಮಾಡಿ ಬಂದು ಕೂರುತ್ತೇನೆ. ಮನೆಯ ಒಳಗೆ ಅವರು ಈ ವಿಷಯ ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಗಲೆಲ್ಲ ಹಿಟ್ಟು ಮುಗಿಯಿತು, ಕಟ್ಟಿಗೆ ಹಸಿ ಇದೆ, ಇಷ್ಟೇ ಮಾತು. ಆದರೆ ಕಟ್ಟೆಯ ಮೇಲೆ ಅವರು ಮಾತಾಡಿದಷ್ಟು ಹತ್ತಿರದಿಂದ ನನ್ನ ತಾಯಿಯೂ ನನ್ನೊಂದಿಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಒಂದು ಸಂಜೆ ಎಂದಿನಂತೆ ಕಟ್ಟೆಗೆ ನೀರು ಹೊಡೆದೆ. ಹಬೆ ಎದ್ದಿತು. ಅದರ ಜೊತೆ ಇನ್ನೇನೋ ಎದ್ದಿತು. ಕಲ್ಲಿನ ವಾಸನೆ. ಕಾದ ಕಲ್ಲಿಗೆ ನೀರು ಬಿದ್ದ ವಾಸನೆ, ಚಿಂಚೋಳಿಯ ಅಂಗಳದಲ್ಲಿ ಮೊದಲ ಮಳೆಗೆ ಬರುತ್ತಿದ್ದದ್ದೇ. ಖಾಲಿ ಕೊಡ ಹಿಡಿದುಕೊಂಡು ಅಲ್ಲಿಯೇ ನಿಂತೆ. ಕಣ್ಣು ಮುಚ್ಚಿಕೊಂಡೆ. ಆಮೇಲೆ ಓಡಿ ಒಳಗೆ ಹೋಗಿ ಗಡಿಗೆಗೆ ಕೈ ಹಾಕಿ ಒಂದು ಹರಳು ನಾಲಿಗೆಗೆ ಇಟ್ಟೆ. ಎಲ್ಲೋ ಬಹಳ ದೂರದಿಂದ, ಸಣ್ಣದಾಗಿ, ಉಪ್ಪು ಬಂತು.

ಆ ಉಪ್ಪಿನ ಮೇಲೆ ಆಣೆ, ಅದನ್ನು ಅತ್ತೆಗೆ ಹೇಳಬೇಕೆಂದೇ ಬಾಗಿಲ ತನಕ ಬಂದೆ. ಅವರು ಆಗಷ್ಟೇ ಕಂಬಕ್ಕೆ ಒರಗಿ ಕೂತು, ನನ್ನ ಜಾಗ ತೋರಿಸಿ, ಇವತ್ತಿನದನ್ನು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ಸುಮ್ಮನೆ ಹೋಗಿ ಕೂತೆ. ಹೇಳಿದರೆ ನಾಳೆಯಿಂದ ಈ ದನಿ ಇರುವುದಿಲ್ಲ. ರುಚಿ ಹೋದದ್ದನ್ನು ಹೆದರಿ ಮುಚ್ಚಿಟ್ಟವಳು, ರುಚಿ ಬಂದದ್ದನ್ನು ಆಸೆಯಿಂದ ಮುಚ್ಚಿಟ್ಟೆ. ಅವರು ಉಪ್ಪು ಕಡಿಮೆ ಎಂದರೆ ಎದ್ದು ಹೋಗಿ ಹಾಕಿದೆ. ಹೀಗೆ ಎಂಟು ದಿನ.

ಒಂಬತ್ತನೆಯ ದಿನ ಅತ್ತೆ ಹೇಳಿದರು, "ಇವತ್ತ ಒಗ್ಗರಣಿ ಪೂರಾ ಸೀದು ಹೋಗ್ಯದ. ಬಾಯಾಗ ಇಡಾಕ ಬರಂಗಿಲ್ಲ."

"ಸೀದಿಲ್ರಿ ಅತ್ತಿ," ಎಂದೆ ನಾನು. ಆವತ್ತು ಒಗ್ಗರಣೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ತಡೆಯಲಾಗಲಿಲ್ಲ. "ಘಮ್ ಅಂತಿತ್ತಲ್ರಿ."

ಸೇಡಮದಾಕಿ ನಕ್ಕಳು, ಅಂತೂ ಸೊಸೆಗೆ ಬಾಯಿ ಬಂತು ಎಂದು. ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಿರಲಿಲ್ಲ. ಅತ್ತೆ ನಗಲಿಲ್ಲ. ಬತ್ತಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆ ಹೋದೆ.

ಅವರು ಒಲೆಯ ಹತ್ತಿರ ಗೋಡೆ ಹಿಡಿದು ಕೂತರು. ರುಚಿ ಯಾವಾಗ ಬಂತು ಎಂದು ಕೇಳಿದರು. ಎಂಟು ದಿನವಾಯಿತು ಎಂದೆ. ಗೊತ್ತಿದೆ, ಕಟ್ಟೆಗೆ ನೀರು ಹಾಕಿ ನೀನು ಮೂಗು ಎತ್ತಿ ನಿಂತದ್ದನ್ನು ಕಿಟಕಿಯಿಂದ ನೋಡಿದೆ, ನೀನಾಗಿ ಹೇಳುತ್ತೀಯೇನೋ ಎಂದು ಕಾದೆ ಎಂದರು. ನನಗೆ ಅಳು ಬಂತು. ಇಷ್ಟು ದಿನ ಎದೆಯಲ್ಲಿ ಕೂತಿದ್ದ ಮಾತನ್ನು ಅಳುತ್ತಲೇ ಕೇಳಿದೆ.

"ಅತ್ತಿ, ಮೊದಲೇ ಹೇಳಿದ್ರ ನನ್ನ ಚಿಂಚೋಳಿಗಿ ಕಳಿಸ್ತಿದ್ರೇನ್ರಿ?"

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರಾದರೂ ಹಾಗೆ ಎನ್ನುತ್ತಿದ್ದರು.

"ಕಳಿಸ್ತಿದ್ದೆ," ಎಂದರು. ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತ, "ಹೇಳಿದ ಮಾತು ನಾಕ ಮಂದಿ ಬಾಯಿಗಿ ಬೀಳ್ತದ. ಆಗ ನಾ ಅತ್ತಿ ಆಗಬೇಕಾಗ್ತಿತ್ತು. ನೀ ಹೇಳಲಿಲ್ಲ, ಚಲೋ ಆತು," ಎಂದರು.

ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ತಾಟು ಹಾಕು, ನೀನೂ ಉಣ್ಣು, ಆರಿದರೆ ಚೆನ್ನಾಗಿರುವುದಿಲ್ಲ ಎಂದರು. ಗಂಡ ಬರುವ ಮೊದಲು ಸೊಸೆಗೆ ಉಣ್ಣು ಎಂದದ್ದು ಅದೊಂದೇ ಸಲ. ನಾನು ಉಣ್ಣುವ ತನಕ ಎದುರಿಗೆ ಕೂತಿದ್ದರು. ಏನೂ ಹೇಳಲಿಲ್ಲ, ಹೇಗಿದೆ ಎಂದು ನನ್ನನ್ನೂ ಕೇಳಲಿಲ್ಲ.

ಮರುದಿನ ಸಂಜೆ ಹಬೆ ಎದ್ದಿತು, ಆರಿತು, ಎಲ್ಲರೂ ಬಂದು ಕೂತರು. ಈಗ ಅಭ್ಯಾಸವಾಗಿತ್ತಲ್ಲ, ಖಾಲಾ ನನ್ನನ್ನು ಬಿಟ್ಟು ನೇರ ಅತ್ತೆಯನ್ನೇ ಕೇಳಿದಳು, ಇವತ್ತು ಸೊಸೆಯ ಬೇಳೆ ಹೇಗಿತ್ತು ಎಂದು. ಅತ್ತೆ ಹತ್ತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಕಡೆ ಒಮ್ಮೆ ನೋಡಿದರು.

"ಪ್ರಸಾದಕ್ಕ ರುಚಿ ಇರಂಗಿಲ್ಲವ್ವಾ," ಎಂದರು. "ಉಂಡ ಮ್ಯಾಲ ಮುಗೀತು."

ಅವರು ಇನ್ನೂ ಎಷ್ಟೋ ವರ್ಷ ಬದುಕಿದ್ದರು. ರಾಜ್ಯದ ಹೆಸರು ಬದಲಾಯಿತು, ದೀಪಕ್ಕೆ ಎಣ್ಣೆ ಹಾಕುವ ಕೆಲಸ ಹೋಗಿ ಕರೆಂಟು ಬಂತು, ಸಾಲಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಕಟ್ಟೆಯ ಮೇಲೆ ಅತ್ತೆ ಮತ್ತೊಮ್ಮೆ ತಾಟಿನ ಮಾತು ಆಡಲಿಲ್ಲ. ನನ್ನ ನಾಲಿಗೆ ಪೂರ್ತಿ ಸರಿಯಾಯಿತು, ನನ್ನ ಅಡುಗೆಗೆ ಹೆಸರೂ ಬಂತು, ಈಗ ನನ್ನ ಸೊಸೆ ಒಲೆಯ ಮುಂದೆ ಇದ್ದಾಳೆ. ಅವಳು ಬಡಿಸಿದ ಮೊದಲ ತುತ್ತು ಬಾಯಿಗೆ ಇಟ್ಟಾಗ, ಬೇಳೆಯ ರುಚಿ ತಿಳಿಯುವುದಕ್ಕಿಂತ ಒಂದು ಗಳಿಗೆ ಮೊದಲು ನನಗೆ ಕಂಬದ ಕಡೆಯಿಂದ ಆ ದನಿ ಕೇಳುತ್ತದೆ, ಉಪ್ಪ ಒಂದ್ ಹರಳ ಕಡಿಮಿ. ತಾಟಿನಲ್ಲಿ ಉಪ್ಪು ಸರಿಯಾಗಿಯೇ ಇರುತ್ತದೆ. ಆದರೂ ನಾನು ಒಂದು ಹರಳು ಹಾಕಿಕೊಳ್ಳುತ್ತೇನೆ.